ಜಪಾನಿ ದೇವರಿಗೆ ಬಿಳಿ ಹಾಳೆ ಅಂಟಿಸಿದ ದಿನ

ನೆಲಕ್ಕೆ ಬಿದ್ದು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದ ಮನುಷ್ಯನ ಪಕ್ಕೆಗೆ ನಾನು ಬೂಟುಗಾಲಿನಿಂದ ಒದ್ದೆ. ಅವನು ನನ್ನ ಗೆಳೆಯ. ಅವನು ತಪ್ಪು ಮಾಡಿಲ್ಲವೆಂದು ಆ ಕಾರ್ಖಾನೆಯಲ್ಲಿ ನನ್ನಷ್ಟು ಖಚಿತವಾಗಿ ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಉಳಿಸಿಕೊಂಡರೆ ನಡುವೆ ಎಲ್ಲೋ ಕೈ ನಿಂತುಬಿಟ್ಟೀತು, ಇಲ್ಲವೇ ನನ್ನ ಬೂಟನ್ನು ಇನ್ನೊಬ್ಬರ ಕಾಲಿಗೆ ತೊಡಿಸಿಯೇನು.

ಅದು ತೊಂಬತ್ತರ ದಶಕದ ಮಾತು. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ನಾನು ಪಾಳಿಯ ಸುಪರ್‌ವೈಸರ್ ಆಗಿದ್ದೆ. ಕಾದ ಕಬ್ಬಿಣವನ್ನು ಬಡಿದು ಲಾರಿ, ಟ್ರ್ಯಾಕ್ಟರುಗಳ ಬಿಡಿಭಾಗ ಮಾಡುವ ಕೆಲಸ. ನನ್ನ ಓದು ಎಸ್ಸೆಸ್ಸೆಲ್ಸಿಗೆ ಮುಗಿದಿತ್ತು. ಇಂಗ್ಲಿಷಿನಲ್ಲಿ ಮಾತ್ರ ಸ್ವಲ್ಪ ಧೈರ್ಯವಿತ್ತು. ಆ ಧೈರ್ಯವೇ ನನ್ನನ್ನು ಬೆಂಚಿನಿಂದ ಎಬ್ಬಿಸಿ ಸುಪರ್‌ವೈಸರ್ ಕುರ್ಚಿಗೆ ಕೂರಿಸಿತ್ತು. ಹಳೆಯ ಸುತ್ತಿಗೆ ಯಂತ್ರಗಳು ಬಡಿಯುವ ಸದ್ದಿಗೆ ಕಾರ್ಖಾನೆಯ ಹಳಬರೆಲ್ಲ ಅರ್ಧ ಕಿವುಡರು. ಬೆರಳು ಪೂರ್ತಿ ಇದ್ದವನನ್ನು ನಾವು ಹೊಸಬ ಎಂದು ಗುರುತಿಸುತ್ತಿದ್ದೆವು.

ಅಂಥ ಕಡೆಗೆ ಜಪಾನಿನಿಂದ ಒಂದು ದೊಡ್ಡ ಪ್ರೆಸ್ ಬಂತು. ಜೊತೆಗೆ ಅದನ್ನು ನಿಲ್ಲಿಸಿಕೊಡಲು ಒಬ್ಬ ಎಂಜಿನಿಯರ್ ಬಂದ. ಸಣಕಲು ಮನುಷ್ಯ, ಮಾತು ಕಡಿಮೆ. ನಾವು ಅವನನ್ನು ಜಪಾನಿ ಸಾಹೇಬ ಎನ್ನುತ್ತಿದ್ದೆವು. ಅವನ ಇಂಗ್ಲಿಷು ನನ್ನದಕ್ಕಿಂತ ಹರಕು. ಆದ್ದರಿಂದ ಇಬ್ಬರಿಗೂ ಹೊಂದಿಕೆಯಾಯಿತು. ಅವನ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಪ್ರೆಸ್ಸಿಗೆ ಮೊದಲ ಸಲ ಕರೆಂಟು ಕೊಡುವ ಮುನ್ನ ಅವನು ಒಂದು ಮರದ ಪೆಟ್ಟಿಗೆ ಬಿಚ್ಚಿದ. ಒಳಗೆ ಬಣ್ಣ ಬಳಿಯದ ಮರದ ಒಂದು ಪುಟ್ಟ ಗುಡಿ. ಇಳಿಜಾರು ಚಾವಣಿ, ಪುಟ್ಟ ಬಾಗಿಲು, ಬಾಗಿಲ ಮುಂದೆ ನಿಲ್ಲಿಸಲು ದುಂಡಗಿನ ಒಂದು ಕನ್ನಡಿ. ಅದನ್ನು ಇಡಲು ಪ್ರೆಸ್ಸಿನ ಎದುರಿನ ಗೋಡೆಗೆ, ಆಳೆತ್ತರಕ್ಕಿಂತ ಮೇಲೆ, ಹಲಗೆ ಹೊಡೆಸಿದ. ನೆಲ್ಲುಹುಲ್ಲು ಬೇಕೆಂದ. ಕಲಘಟಗಿ ಕಡೆಯಿಂದ ತರಿಸಿಕೊಟ್ಟೆವು. ಅವನೇ ಕುಕ್ಕರುಗಾಲಲ್ಲಿ ಕುಳಿತು ಹಗ್ಗ ಹೊಸೆದ. ನಾವು ಹೊಸೆಯುವ ದಿಕ್ಕಿಗೆ ಉಲ್ಟಾ, ಎಡಕ್ಕೆ. ಅದಕ್ಕೆ ಬಿಳಿ ಕಾಗದವನ್ನು ಮಿಂಚಿನಂತೆ ಮಡಿಚಿ ಇಳಿಬಿಟ್ಟ. ಗುಡಿಯೊಳಗೆ ಅವನ ಊರಿನ ದೇವಸ್ಥಾನದಿಂದ ತಂದ, ಬಿಳಿ ಹಾಳೆಯಲ್ಲಿ ಸುತ್ತಿದ ಒಂದು ಪಟ್ಟಿ ಇಟ್ಟ. ಮೂರ್ತಿ ಇಲ್ಲ, ಚಿತ್ರ ಇಲ್ಲ. ಅವರ ಧರ್ಮಕ್ಕೆ ಶಿಂಟೋ ಅನ್ನುತ್ತಾರೆಂದು ಹೇಳಿದ. ದಿನಾ ಬೆಳಿಗ್ಗೆ ನೀರು, ಅಕ್ಕಿ, ಉಪ್ಪು ಹೊಸದಾಗಿ ಇಡಬೇಕು. ಸದಾ ಹಸಿರಾಗಿರುವ ಗಿಡದ ಟೊಂಗೆ ಎರಡೂ ಬದಿಗೆ ಇರಬೇಕು. ಕೈ ತೊಳೆದು, ಬಾಯಿ ಮುಕ್ಕಳಿಸಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು.

"ಚಪ್ಪಾಳಿ ಯಾಕ್ರಿ? ದೇವರು ಮಲಗ್ಯಾನೇನು?" ಎಂದು ಕೇಳಿದವನು ನನ್ನ ಗೆಳೆಯ.

ಅವನು ಕಮರಿಪೇಟೆಯವನು, ಮಾಂಸದಡಿಗೆಗೆ ಹೆಸರಾದ ಸಾವಜಿ ಮನೆತನ, ಕಾರ್ಖಾನೆಯ ಫಿಟ್ಟರ್. ಯಂತ್ರ ಕೆಟ್ಟರೆ ಅವನನ್ನೇ ಕರೆಯಬೇಕು. ಕರೆದರೆ ಅರ್ಧ ತಾಸು ನಮ್ಮನ್ನು ಆಡಿಕೊಂಡು ನಗಿಸಿಯೇ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವ ಆಸಾಮಿ. ಹಣೆಗೆ ವಿಭೂತಿ ಹಚ್ಚಿಕೊಂಡು ಬರುವ ನನ್ನನ್ನು ಅವನು ಶರಣರು ಎಂದೇ ಕರೆಯುತ್ತಿದ್ದ. "ಶರಣ್ರ, ನಮ್ಮನಿ ಖೀಮಾ ಒಂದ್ ಸಲ ತಿಂದ್ ನೋಡ್ರಿ, ಕೈಲಾಸ ಇಲ್ಲೇ ಕಾಣತೈತಿ" ಎಂದು ಊಟದ ಹೊತ್ತಿಗೆ ಡಬ್ಬಿ ತೆರೆದು ನನ್ನ ಮೂಗಿಗೆ ಹಿಡಿಯುತ್ತಿದ್ದ. ಜಪಾನಿ ಸಾಹೇಬ ಅವನಲ್ಲಿ ಏನು ಕಂಡನೋ, ಗುಡಿಯ ಜವಾಬ್ದಾರಿಯನ್ನು ಅವನಿಗೇ ಒಪ್ಪಿಸಿದ. ಅವನೂ ಎಲ್ಲರಿಗಿಂತ ಅರ್ಧ ತಾಸು ಮೊದಲೇ ಬಂದು ನೀರು ಬದಲಿಸಿ, ಗೇಟಿನ ಬದಿಯ ಮಾವಿನ ಟೊಂಗೆ ಮುರಿದು ಇಟ್ಟು, ಇಡೀ ಶೆಡ್ಡಿಗೆ ಕೇಳುವಂತೆ ಚಪ್ಪಾಳೆ ಹೊಡೆಯುತ್ತಿದ್ದ.

ಆ ವರ್ಷ ದಸರೆಯ ಖಂಡೇಪೂಜೆಗೆ ಹುಡುಗರು ಎಂದಿನಂತೆ ಟಗರು ತಂದರು. ಹಳೆಯ ಸುತ್ತಿಗೆಗಳಿಗೆ ಪ್ರತಿವರ್ಷ ರಕ್ತದ ಬೊಟ್ಟು ಇಡುತ್ತಿದ್ದೆವು. ಅಂಥಲ್ಲಿ ಹೊಸ ಪ್ರೆಸ್ಸಿಗೆ ಬಿಟ್ಟೇವೆಯೇ? ಟಗರಿನ ಕೊರಳಿಗೆ ಹಗ್ಗ ಬಿಗಿದು ಪ್ರೆಸ್ಸಿನ ಬುಡಕ್ಕೆ ಎಳೆದು ತಂದಾಗ ಜಪಾನಿ ಸಾಹೇಬ ಎರಡೂ ಕೈ ಅಗಲಿಸಿ ಅಡ್ಡ ನಿಂತ. ಮುಖ ಸುಣ್ಣದಂತಾಗಿತ್ತು. ರಕ್ತ ಬೇಡ, ಸಾವು ಬೇಡ, ಇಲ್ಲಿ ಬೇಡ ಎಂದು ಕೂಗಿದ. ನಾನು ತಿರುಗಿಸಿ ಹೇಳಿದೆ. ಕೊಯ್ತಾ ಹಿಡಿದಿದ್ದವನು ಅಮ್ಮಿನಬಾವಿಯವನು. ಅಣ್ಣ ತಮ್ಮ ಇಬ್ಬರೂ ನಮ್ಮಲ್ಲೇ ಕೆಲಸಕ್ಕಿದ್ದರು. ಇವನು ತಮ್ಮ. ಮನೆಯಲ್ಲಿ ಮಾಂಸ ಮುಟ್ಟದ, ನಮ್ಮಂಥದೇ ಒಕ್ಕಲುತನದ ಮನೆತನ. ಆದರೂ ಖಂಡೇಪೂಜೆಯ ದಿನ ಕೊಯ್ತಾ ಹಿಡಿಯುವ ಹುರುಪು ಅವನಿಗೆ.

"ಅಯ್ಯ, ಈ ದೇವರೂ ನಮ್ಮಪ್ಪನಂಗ ಕಾಯಿಪಲ್ಲೆ ದೇವರು ಬಿಡ್ರಿ!" ಎಂದು ಅವನು ನಕ್ಕ. ಎಲ್ಲರೂ ನಕ್ಕರು. ಟಗರನ್ನು ಗೇಟಿನ ಹೊರಗೆ ಎಳೆದೊಯ್ದು ಅಲ್ಲಿ ಕಡಿದರು. ಒಂದೇ ಏಟಿಗೆ ಆಗಲಿಲ್ಲ. ಅದರ ಕೂಗು ಒಳಗಿನವರೆಗೂ ಕೇಳುತ್ತಿತ್ತು. ಸಾಹೇಬ ಪ್ರೆಸ್ಸಿನ ಸುತ್ತ ಉಪ್ಪು ಚೆಲ್ಲುತ್ತ ತಿರುಗಿದ.

ಅಂದು ಮಧ್ಯಾಹ್ನ ಚಹಾ ಕುಡಿಯುವಾಗ ನಾವು ಮೂವರೇ ಇದ್ದೆವು. ಸಾಹೇಬ, ಫಿಟ್ಟರ್, ನಾನು. ಸಾಹೇಬ ಸಾವಿನ ವಿಷಯ ತೆಗೆದ. ಮನೆಯಲ್ಲಿ ಯಾರಾದರೂ ಸತ್ತರೆ ಗುಡಿಯ ಮುಂದೆ ಒಂದು ಬಿಳಿ ಹಾಳೆ ಅಂಟಿಸಿಬಿಡಬೇಕು, ದುಃಖದ ದಿನಗಳು ಕಳೆಯುವ ತನಕ ತೆಗೆಯಬಾರದು, ಆವರೆಗೆ ನೀರು ಅಕ್ಕಿ ಇಡುವುದಿಲ್ಲ, ಚಪ್ಪಾಳೆ ಇಲ್ಲ ಎಂದ. ಸಾವಿನ ಮೈಲಿಗೆ ದೇವರಿಗೆ ತಾಗಬಾರದು ಎನ್ನುವುದು ಅದರ ಅರ್ಥ. ಒಂದೊಂದು ಮಾತನ್ನೂ ನಾನೇ ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ನಮ್ಮ ಮನ್ಯಾಗೂ ಹಂಗ ಅಲ್ರಿ. ಸೂತಕ ಬಂದ್ರ ದೇವರಮನಿ ಬಾಗಲಾ ಹಾಕ್ತೀವಿ" ಎಂದ ಗೆಳೆಯ.

"ನಮ್ಮಲ್ಲಿ ಸೂತಕನ ಇಲ್ಲ. ಹೆಣ ಮನ್ಯಾಗಿದ್ರೂ ಲಿಂಗಪೂಜಿ ಆಗಬೇಕು" ಎಂದೆ ನಾನು.

"ನಿಮಗೇನ್ರಿ, ಶರಣ್ರು. ನೀವು ಸಾಯೂದನ್ನೂ ಪುಗಸಟ್ಟೆ ಸಾಯ್ತೀರಿ."

ಮೂವರೂ ನಕ್ಕೆವು. ಆ ಬಿಳಿ ಹಾಳೆಯ ಪದ್ಧತಿ ಹೀಗೆ ಈ ಊರಲ್ಲಿ ಇಬ್ಬರಿಗೆ ಮಾತ್ರ ಗೊತ್ತಾಯಿತು. ಸಾಹೇಬ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೋದ.

ಅವನು ಹೋದ ಮೇಲೆ ಹುಡುಗರು ಆ ದೇವರನ್ನು ತಮ್ಮ ರೀತಿಗೆ ಒಗ್ಗಿಸಿಕೊಂಡರು. ಪಾನಾ ಕಳುವಾದರೆ, ತಾಮ್ರದ ತಂತಿ ಕಾಣೆಯಾದರೆ, ಸಂಶಯ ಬಂದವನನ್ನು ಗುಡಿಯ ಮುಂದೆ ನಿಲ್ಲಿಸಿ, ಬಲಗೈಯನ್ನು ಪ್ರೆಸ್ಸಿನ ಮೇಜಿನ ಮೇಲೆ ಇಡಿಸಿ, ಕನ್ನಡಿ ನೋಡುತ್ತ ಆಣೆ ಮಾಡಿಸುವುದು ರೂಢಿಯಾಯಿತು. ಒಬ್ಬ ತಂತಿ ಕದ್ದು ಸುಳ್ಳು ಆಣೆ ಮಾಡಿದ. ಅದೇ ತಿಂಗಳು ಅವನ ಎರಡು ಬೆರಳು ಚಪ್ಪಟೆಯಾದವು. ಅವನು ನೋವಿನಲ್ಲಿ ಬೋರಾಡುತ್ತ ಕದ್ದದ್ದನ್ನು ಒಪ್ಪಿಕೊಂಡ. ಅಲ್ಲಿಂದ ಆ ಕನ್ನಡಿಯ ಹೆಸರೆತ್ತಿದರೆ ಎಂಥವನೂ ತಣ್ಣಗಾಗುತ್ತಿದ್ದ. ನಾನೂ ಒಳಗೊಳಗೆ ಹೆದರುತ್ತಿದ್ದೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ ಇದ್ದೂ ಹೆದರುತ್ತಿದ್ದೆ.

ಪ್ರೆಸ್ಸಿಗೆ ಎರಡು ಬಟನ್ ಇದ್ದವು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ತೂಕ ಇಳಿಯುತ್ತಿತ್ತು. ಎರಡೂ ಕೈ ಬಟನ್ ಮೇಲೆ ಇದ್ದರೆ ಕೈ ಒಳಗೆ ಹೋಗುವ ಮಾತೇ ಇಲ್ಲ. ಅದಕ್ಕೇ ಆ ಉಪಾಯ. ಆದರೆ ಕೆಲಸ ನಿಧಾನವಾಗುತ್ತಿತ್ತು. ಮಾಲು ಕಡಿಮೆ ಬಂದ ದಿನ ಮ್ಯಾನೇಜರ್ ಎಲ್ಲರೆದುರು ನನ್ನ ಮಾನ ತೆಗೆಯುತ್ತಿದ್ದ. ಹಾಗಾಗಿ ನಾನು ಒಂದು ಬಟನ್ನಿಗೆ ಮರದ ಬೆಣೆ ಸಿಕ್ಕಿಸಿ ಅದು ಒತ್ತಿದಂತೆಯೇ ಇರುವ ಹಾಗೆ ಮಾಡಿದೆ. ಆಗ ಒಂದು ಕೈಯಲ್ಲಿ ಇಕ್ಕಳ ಹಿಡಿದು ಇನ್ನೊಂದು ಕೈಯಲ್ಲಿ ಯಂತ್ರ ನಡೆಸಬಹುದು. ಗೆಳೆಯ ಕಂಡಾಗಲೆಲ್ಲ ಕಿತ್ತು ಎಸೆಯುತ್ತಿದ್ದ. "ಶರಣ್ರ, ಬೆಣಿ ಹಾಕಬ್ಯಾಡ್ರಿ, ಒಂದಿನ ಯಾರರ ಜೀವಾ ತಿಂತೈತಿ ಅದು" ಎನ್ನುತ್ತಿದ್ದ. ಅವನು ಆಚೆ ಹೋದ ಮೇಲೆ ನಾನು ಹೊಸದು ಕೆತ್ತಿ ಹಾಕುತ್ತಿದ್ದೆ. ಹುಡುಗರ ಎದುರಿಗೆ ಹಾಕುತ್ತಿರಲಿಲ್ಲ. ಪಾಳಿ ಶುರುವಾಗುವ ಮುನ್ನ ಬಂದು ಸಿಕ್ಕಿಸುತ್ತಿದ್ದೆ. ಬಟನ್ನಿನ ಸುತ್ತ ಕಬ್ಬಿಣದ ಬಳೆಯಿದ್ದುದರಿಂದ ಒಳಗಿನ ಬೆಣೆ ಕಾಣುತ್ತಿರಲಿಲ್ಲ. ಯಂತ್ರ ಒಂದೇ ಬಟನ್ನಿಗೆ ನಡೆಯುವ ಹಾಗೆ ಫಿಟ್ಟರ್ ಮಾಡಿಕೊಟ್ಟಿದ್ದಾನೆಂದು ಹುಡುಗರು ತಿಳಿದಿದ್ದರು. ನಾನು ತಿದ್ದಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಅಮ್ಮಿನಬಾವಿಯ ತಮ್ಮ ಪ್ರೆಸ್ಸಿನ ಮೇಲಿದ್ದ. ಕಾದ ತುಂಡು ಅಚ್ಚಿನಲ್ಲಿ ಕಚ್ಚಿಕೊಂಡಿತು. ಇಕ್ಕಳದಿಂದ ಎಳೆಯಲು ಒಳಗೆ ಬಾಗಿದ. ಅವನ ಮೊಣಕೈ ಇನ್ನೊಂದು ಬಟನ್ನಿಗೆ ತಗಲಿತು.

ಸದ್ದು ಎಂದಿನಂತೆಯೇ ಬಂತು. ಅದನ್ನೇ ನಾನು ಮರೆಯಲಾರೆ. ಕಬ್ಬಿಣಕ್ಕೆ ಬಡಿದಾಗ ಬರುವ ಸದ್ದಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ತೂಕ ಮೇಲೆ ಹೋದಾಗ ಅವನ ಬಲತೋಳು ಭುಜದ ತನಕ ಇರಲಿಲ್ಲ. ಕಾದ ಅಚ್ಚಿನ ಮೇಲೆ ಬಿದ್ದದ್ದು ಚುರುಗುಟ್ಟಿ ಹೊಗೆ ಬಂತು. ಅವನು ಕೂಗಲಿಲ್ಲ. ಎರಡು ಹೆಜ್ಜೆ ಹಿಂದೆ ನಡೆದು, ಏನೋ ಕೇಳುವವನ ಹಾಗೆ ನನ್ನ ಮುಖ ನೋಡಿ ಕುಸಿದ. ಎಲ್ಲರೂ ಅವನ ಕಡೆ ಓಡಿದರು. ನಾನು ಬಟನ್ನಿನ ಕಡೆ ಓಡಿದೆ. ಬೆಣೆ ಕಿತ್ತು ಕುಲುಮೆಯೊಳಗೆ ಎಸೆದೆ. ಆಮೇಲೆ ಬಂದು ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಅತ್ತೆ. ಅಳು ಸುಳ್ಳಲ್ಲ. ಆದರೆ ಅದು ಎರಡನೆಯ ಕೆಲಸವಾಗಿತ್ತು.

ದೊಡ್ಡ ದವಾಖಾನೆ ಮುಟ್ಟುವ ಮೊದಲೇ ಅವನು ಹೋದ.

ಸಂಜೆಯೊಳಗೆ ಒಂದು ಮಾತು ಹುಟ್ಟಿತ್ತು. ಒಂದೇ ಬಟನ್ನಿಗೆ ಯಂತ್ರ ಇಳಿಯಿತೆಂದರೆ ಫಿಟ್ಟರನೇ ಏನೋ ಮಾಡಿರಬೇಕು ಎಂದು. ಫಿಟ್ಟರ್ ಇಲ್ಲ ಎಂದ. ಬೆಣೆಯ ಮಾತು ಎತ್ತಿದ, ನನ್ನ ಹೆಸರು ಎತ್ತಲಿಲ್ಲ. ಬೆಣೆ ಎಲ್ಲಿ ಎಂದು ಹುಡುಕಿದರು. ಇರಲಿಲ್ಲ. ಆಗ ಸತ್ತವನ ಅಣ್ಣ ಹೇಳಿದ, "ನಾಳೆ ಮುಂಜಾನೆ ಆ ಮಶೀನ್ ಹಂತ್ಯಾಕ ಹೋಗಾವ್ರು ಎಲ್ಲಾರೂ ಜಪಾನಿ ದೇವರ ಮುಂದ ಕೈ ಇಟ್ಟು ಆಣಿ ಮಾಡ್ರಿ. ಮೊದಲ ಸುಪರ್‌ವೈಸರ್ ಕಾಕಾ, ಆಮ್ಯಾಲ ಫಿಟ್ಟರ್ ಮಾಮಾ. ಯಾರ ಕೈ ನಡಗತೈತಿ ನಾ ನೋಡ್ತೇನಿ."

ಮರುದಿನ ಬೆಳಿಗ್ಗೆ ನಾನು ಸೈಕಲ್ ತುಳಿಯಲಾರದೆ ತಳ್ಳಿಕೊಂಡು ಹೋದೆ. ಕನ್ನಡಿಯ ಮುಂದೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಗೇಟಿನಲ್ಲಿ ಎರಡೂ ಪಾಳಿಯ ಜನ ನೆರೆದಿದ್ದರು. ಅಣ್ಣನ ಕಣ್ಣು ಊದಿಕೊಂಡಿದ್ದವು. ನಿದ್ದೆ ಇಲ್ಲ, ಊಟ ಇಲ್ಲ. ಹೆಣ ಇನ್ನೂ ದವಾಖಾನೆಯಲ್ಲೇ ಇತ್ತು. ಎಲ್ಲರೂ ಒಟ್ಟಿಗೆ ಒಳಗೆ ಹೋದೆವು.

ಗುಡಿಯ ಮುಂದೆ ಬಿಳಿ ಹಾಳೆ ಅಂಟಿಸಲಾಗಿತ್ತು. ಕನ್ನಡಿ ಕಾಣುತ್ತಿರಲಿಲ್ಲ. ನೀರಿಲ್ಲ, ಅಕ್ಕಿ ಇಲ್ಲ. ಕೆಳಗೆ ಗೆಳೆಯ ಕೈಕಟ್ಟಿ ನಿಂತಿದ್ದ, ಗೋಂದಿನ ಬಾಟಲಿ ಇನ್ನೂ ಕಾಲ ಬಳಿ ಇತ್ತು.

ನಮ್ಮವರಿಗೆ ಸೂತಕದ ರೂಢಿ ಇಲ್ಲ. ರೂಢಿ ಇದ್ದವರಿಗೂ ಸೂತಕ ಮನೆಗೆ ಅಂಟುವುದು ಗೊತ್ತು, ಕಾರ್ಖಾನೆಗೆ ಅಂಟೀತೆಂದು ಹೊಳೆಯುವುದು ಹೇಗೆ? ಆಣೆ ಮಾಡುವ ದಿನವೇ ಇವನು ದೇವರ ಕಣ್ಣು ಮುಚ್ಚಿದ್ದಾನೆ ಎಂಬುದೊಂದೇ ಎಲ್ಲರಿಗೂ ಕಂಡದ್ದು.

"ಯಾರ್ ಮುಚ್ಚಿದ್ರು ಇದನ್ನ?" ಎಂದ ಅಣ್ಣ.

"ನಾನ ತಮ್ಮಾ. ಸಾವಾಗೇತಲ್ಲ ಇಲ್ಲಿ. ಮುಚ್ಚಬೇಕು ಅಂತ ಅವರ ಪದ್ಧತಿ..."

"ಆಣಿ ಮಾಡೂ ದಿನಾನ ನೆನಪಾತೇನಲೇ ಪದ್ಧತಿ?"

"ಖರೇ ಹೇಳಾಕತ್ತೇನಿ. ಸಾಹೇಬ ಹೇಳಿದ್ದ. ಶರಣ್ರು ಅದಾರಲ್ಲ, ಅವರನ್ನ ಕೇಳು. ಅವರ ಬಾಯಿಲೆ ನಾ ಕೇಳಿದ್ದು."

ಅಣ್ಣ ನನ್ನ ಕಡೆ ತಿರುಗಿದ. ಎಲ್ಲರೂ ತಿರುಗಿದರು. "ಕಾಕಾ, ನೀವು ಸಾಹೇಬನ ಮಾತು ತಿಳದಾವ್ರು. ಹಿಂಗ ಮುಚ್ಚೂ ಪದ್ಧತಿ ಐತೇನ್ರಿ?"

ಹೌದು ಎಂದರೆ ಸಾಕಿತ್ತು. ಆದರೆ ಹೌದು ಎಂದರೆ ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು. ಹಾಳೆ ತೆಗೆಯದೆ ಬೇರೆ ಕಡೆ, ಸಿದ್ಧಾರೂಢ ಮಠದಲ್ಲೋ ಎಲ್ಲೋ, ಮೊದಲ ಆಣೆ ನನ್ನದೇ. ಇಲ್ಲ ಎಂದರೆ ಮುಚ್ಚಿದವನೇ ತಪ್ಪಿತಸ್ಥ, ಆಣೆ ಅಲ್ಲಿಗೇ ಮುಗಿಯುತ್ತಿತ್ತು.

"ನನಗ ಗೊತ್ತಿಲ್ಲಪಾ. ಅಂಥಾದ್ದೇನೂ ಸಾಹೇಬ ಹೇಳಿದ್ದ ನಾ ಕೇಳಿಲ್ಲ" ಎಂದೆ.

ಗೆಳೆಯನ ಬಾಯಿ ತೆರೆದೇ ಉಳಿಯಿತು. ಅವನು ನಕ್ಕನೆಂದು ನನಗೆ ಈಗಲೂ ಅನಿಸುತ್ತದೆ. ನಾನು ಚೇಷ್ಟೆ ಮಾಡುತ್ತಿದ್ದೇನೆ, ಇನ್ನೊಂದು ಗಳಿಗೆಗೆ ಸರಿಯಾಗಿ ಹೇಳುತ್ತೇನೆ ಎಂದು ತಿಳಿದಿರಬೇಕು. ಅಷ್ಟರಲ್ಲಿ ಅಣ್ಣ ಗೋಡೆಗೆ ಆನಿಸಿದ್ದ ಉದ್ದನೆಯ ಇಕ್ಕಳ ತೆಗೆದುಕೊಂಡ.

ಮೊದಲ ಏಟು ದವಡೆಗೆ ಬಿತ್ತು. ಗೆಳೆಯ ಪ್ರೆಸ್ಸಿನ ಮೇಜಿಗೆ ಅಪ್ಪಳಿಸಿ ಕೆಳಗೆ ಉರುಳಿದ. ಬಾಯಿಂದ ರಕ್ತ, ಹಲ್ಲು. "ದೇವರ ಕಣ್ಣ ಮುಚ್ಚಿದಿ? ನನ್ನ ತಮ್ಮನ ನುಂಗಿ ದೇವರ ಕಣ್ಣ ಮುಚ್ಚಿದಿ ಮಗನ?" ಎನ್ನುತ್ತ ಅಣ್ಣ ಬಡಿಯತೊಡಗಿದ. ಒಬ್ಬರ ಹಿಂದೆ ಒಬ್ಬರು ನುಗ್ಗಿದರು. ಕೈಗೆ ಸಿಕ್ಕದ್ದು ಹಿಡಿದರು, ಸಿಗದವರು ಕಾಲು ಎತ್ತಿದರು. ಒಬ್ಬ ಹಲಗೆಗೆ ಜಿಗಿದು ಗುಡಿಯನ್ನು ಕಿತ್ತು ನೆಲಕ್ಕೆ ಹೊಡೆದ. ಕನ್ನಡಿ ಚೂರಾಯಿತು. ಬಾಗಿಲು ಮುರಿದು ಒಳಗಿನ ಪಟ್ಟಿಯ ಸುತ್ತಿನ ಹಾಳೆ ಹರಿದು ನೋಡಿ, "ಇದರಾಗ ಏನೂ ಇಲ್ಲಲೇ, ಬರೇ ಹಾಳಿ!" ಎಂದು ಕಿರುಚಿದ.

ಗೆಳೆಯ ಕೂಗುತ್ತಿದ್ದುದು ಒಂದೇ ಮಾತು. "ಶರಣ್ರ, ಹೇಳ್ರಿ! ಹೇಳ್ರೀ ಇವರಿಗೆ!" ದವಡೆ ಮುರಿದಿದ್ದರಿಂದ ಮಾತು ಸ್ಪಷ್ಟವಾಗಿರಲಿಲ್ಲ. ಆದರೂ ನನಗೆ ತಿಳಿಯುತ್ತಿತ್ತು. ಅವನು ಹಾಗೆ ಕೂಗಿದಷ್ಟೂ ಪಕ್ಕದವರು ನನ್ನ ಮುಖ ನೋಡುತ್ತಿದ್ದರು. ಆ ಕೂಗು ನಿಲ್ಲಬೇಕಿತ್ತು. ನಾನು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವನ ಪಕ್ಕೆಗೆ ಒದ್ದೆ. ಉಸಿರು ಕಟ್ಟಿ ಅವನ ಕೂಗು ನಿಂತಿತು. ಅದೇ ಹೊತ್ತಿಗೆ ಅಣ್ಣ ಇಕ್ಕಳವನ್ನು ಎರಡೂ ಕೈಯಲ್ಲಿ ಎತ್ತಿ ಅವನ ಎಡ ಮೊಣಕಾಲಿನ ಮೇಲೆ ಇಳಿಸಿದ. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು.

ಪೊಲೀಸರು ಬಂದರು. ಯಾರು ಹೊಡೆದರೆಂದು ಯಾರೂ ಹೇಳಲಿಲ್ಲ. ಮಾಲಕರಿಗೂ ತಪ್ಪು ಹೊರಲು ಒಬ್ಬ ಸಿಕ್ಕಿದ್ದೇ ಬೇಕಾಗಿತ್ತು. ದವಾಖಾನೆಯಲ್ಲಿ ಮಲಗಿದ್ದಾಗಲೇ ಅವನನ್ನು ಕೆಲಸದಿಂದ ತೆಗೆದರು. ಆಣೆ ಮಾಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ತಪ್ಪಿತಸ್ಥ ಸಿಕ್ಕ ಮೇಲೆ ಆಣೆ ಯಾಕೆ?

ಮಳೆಗಾಲದಲ್ಲಿ ಜಪಾನಿ ಸಾಹೇಬ ಯಂತ್ರ ನೋಡಲು ಮತ್ತೆ ಬಂದ. ಬರಿದಾದ ಗೋಡೆ ನೋಡಿ ನಿಂತ. ಹಲಗೆ ಕಳಚಿ ಬಿತ್ತು ಎಂದೆ. ಒಬ್ಬ ಸತ್ತದ್ದು ಅವನಿಗೆ ತಿಳಿದಿತ್ತು. ಸತ್ತಾಗ ಬಿಳಿ ಹಾಳೆ ಹಾಕಿದಿರಾ ಎಂದು ಕೇಳಿದ. ಹಾಕಿದೆವು ಎಂದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡು ತಲೆಬಾಗಿ ಧನ್ಯವಾದ ಹೇಳಿದ. ನಾನು ಕೈ ಬಿಡಿಸಿಕೊಂಡು ಹೊರಗೆ ಹೋದೆ. ಮರಳಿ ಬಂದಾಗ ಅವನು, ಸತ್ತವನು ಬಿದ್ದ ಜಾಗದಲ್ಲಿ ಉಪ್ಪು ಇಟ್ಟು ಕುಳಿತಿದ್ದ.

ಕೆಲವು ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತು. ಅಣ್ಣ ಅಮ್ಮಿನಬಾವಿಗೆ ಹೋಗಿ ಹೊಲ ಹಿಡಿದ. ಗೆಳೆಯ ಕಮರಿಪೇಟೆಯಲ್ಲಿ ತನ್ನ ಭಾವಮೈದುನನ ಖಾನಾವಳಿಯಲ್ಲಿ ದುಡ್ಡು ಎಣಿಸುತ್ತ ಗಲ್ಲೆಯ ಮೇಲೆ ಕೂರುತ್ತಾನೆಂದು ಕೇಳಿದೆ. ನಾನು ಆ ಓಣಿ ತಪ್ಪಿಸಿ ಸುತ್ತುಬಳಸಿ ಪೇಟೆಗೆ ಹೋಗುತ್ತಿದ್ದೆ. ಹೆಂಡತಿ ಸಂಗಡ ಇದ್ದಾಗ, ಈ ಮನುಷ್ಯ ಯಾಕೆ ಇಷ್ಟು ದೂರ ನಡೆಸುತ್ತಾನೋ ಎಂದು ಅವಳು ಗೊಣಗುತ್ತಿದ್ದಳು.

ಎರಡು ಸಾವಿರದ ದಶಕದ ಕೊನೆಯ ಭಾಗದಲ್ಲಿ ಅವಳು ತೀರಿಕೊಂಡಳು. ಹೆಣ ಕೂರಿಸಿದ್ದಾಗಲೇ ನಮ್ಮ ಪದ್ಧತಿಯಂತೆ ನನಗೆ ಲಿಂಗಪೂಜೆ ಮಾಡಲು ಹೇಳಿದರು. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಅದನ್ನು ನೋಡಲು ಆಗಲಿಲ್ಲ. ಅದು ನನ್ನನ್ನು ನೋಡದಂತೆ ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿದೆ. ದುಃಖಕ್ಕೆ ಹಾಗೆ ಮಾಡುತ್ತಿದ್ದಾನೆಂದು ಜನ ತಿಳಿದರು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಖಾನಾವಳಿಗೆ ಹೋದೆ. ಊಟದ ಹೊತ್ತು ಮುಗಿದು ಹುಡುಗರು ಮೇಜು ಒರೆಸುತ್ತಿದ್ದರು. ಅವನು ಎಡಗಾಲು ಎಳೆಯುತ್ತ ಬಂದು ಗಲ್ಲೆಯ ಮೇಲೆ ಕುಳಿತ. ದವಡೆ ಒಂದು ಕಡೆಗೆ ವಾಲಿತ್ತು. ಕೂದಲು ಪೂರಾ ಬೆಳ್ಳಗೆ.

"ಏನ್ ಶರಣ್ರ, ದಾರಿ ತಪ್ಪಿತೇನು? ಇದು ಮಾಂಸದ ಖಾನಾವಳಿ. ವಿಭೂತಿ ಕರಗೀತು" ಎಂದ. ನಿಂತೇ ಎಲ್ಲ ಹೇಳಿದೆ. ಬೆಣೆ, ಕುಲುಮೆ, ನಾನು ಹೇಳಿದ ಸುಳ್ಳು, ಬೂಟು. ಅವನು ತಡೆಯದೆ ಕೇಳಿದ.

"ನೀ ಹೊಸಾದ್ ಏನ್ ಹೇಳಿದಿ? ಬೆಣಿ ನಿಂದು ಅಂತ ನನಗ ಗೊತ್ತಿತ್ತು. ಬೂಟೂ ನಿಂದ ಅಂತ ಗೊತ್ತಿತ್ತು. ತೆಳಗ ಬಿದ್ದಾವಗ ಎಲ್ಲಾರ ಕಾಲ ಕಾಣ್ತಾವು."

"ಒಮ್ಮೆರ ಯಾರಿಗರ ಹೇಳಲಿಲ್ಲಲ್ಲ ನೀನು..."

"ಹೇಳಿದ್ನಲ್ಲಲೇ! ಹಲ್ಲಿಲ್ಲದ ಬಾಯಿಲೆ ವರ್ಷಗಟ್ಟಲೆ ಹೇಳೇನಿ. ಯಾರ್ ಕೇಳಿದ್ರು? ಶರಣ್ರು ಸುಳ್ಳ ಹೇಳ್ತಾರೇನು ಅಂತಿದ್ರು. ಆ ಹುಡುಗನ ತಾಯಿ ಸಂತಿಗೆ ಬಂದಾಗೆಲ್ಲ ಇಲ್ಲಿ ಬಂದು, ಈ ಬಾಗಲದಾಗ ನಿಂತು, ಗಿರಾಕಿ ಮುಂದ ಮಣ್ಣ ತೂರಿ ಶಾಪ ಹಾಕಿ ಹೋಗ್ತಿದ್ಲು. ಹ್ವಾದ ವರ್ಷ ಸತ್ಲು. ಸಾಯೂತನಕ ನನ್ನ ಬೈದ ಸತ್ಲು."

ನಾನು ಅವನ ಕಾಲು ಮುಟ್ಟಲು ಬಾಗಿದೆ. ಅವನು ಪಕ್ಕದಲ್ಲಿದ್ದ ಕೋಲಿನಿಂದ ನನ್ನ ಕೈ ಮೇಲೆ ಬಲವಾಗಿ ಹೊಡೆದ.

"ನನ್ನ ಕಾಲ ಮುಟ್ಟಬ್ಯಾಡ. ನನ್ನ ಮುಂದ ಹೇಳಿದ್ರ ಏನ್ ಬಂತು? ಅಮ್ಮಿನಬಾವಿಗೆ ಹೋಗು. ತಾಯಿ ಹೋದ್ಲು, ಅಣ್ಣರ ಅದಾನ. ಅಲ್ಲಿ ಹೇಳು. ಕೊಲೆಗಾರ ಅಂತ ನನ್ನ ಹೆಸರ ಇರೂದು ಆ ಮನ್ಯಾಗ."

ಮರುದಿನ ಬಸ್ಸು ಹಿಡಿದು ಅಮ್ಮಿನಬಾವಿಗೆ ಹೋದೆ. ಅಣ್ಣ ಎತ್ತುಗಳಿಗೆ ಮೇವು ಹಾಕುತ್ತಿದ್ದ. ನನ್ನನ್ನು ಗುರುತಿಸಿ, "ಬರ್ರಿ ಕಾಕಾ, ಎಷ್ಟ್ ವರ್ಷಾತು! ಕುಂಡ್ರಿ, ಚಾ ಕುಡೀರಿ" ಎಂದು ಕಟ್ಟೆಯ ಮೇಲೆ ಕಂಬಳಿ ಹಾಸಿದ. ನಾನು ಕುಳಿತುಕೊಳ್ಳಲಿಲ್ಲ. ಚಹಾ ಬರುವ ಮೊದಲೇ ಹೇಳಿ ಮುಗಿಸಿದೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. "ಹಾಳಿ ಅಂಟಸೂದು ಖರೇನ ಪದ್ಧತಿ ಇತ್ತು?" ಎಂದು ಎರಡು ಸಲ ಕೇಳಿದ. ಇತ್ತು ಎಂದೆ. "ನೀವು ಗೊತ್ತಿಲ್ಲ ಅಂದ್ರಿ." ಅಂದೆ, ಸುಳ್ಳು ಹೇಳಿದೆ ಎಂದೆ. "ಬೆಣಿ ಹಾಕಿದ್ದು..." ನಾನೇ ಎಂದೆ.

ಬಾರುಕೋಲು ಅವನ ಕೈಯಲ್ಲೇ ಇತ್ತು. ಅದರ ಹಿಡಿಕೆಯಿಂದ ಮುಖಕ್ಕೆ ಬೀಸಿದ. ತುಟಿ ಸೀಳಿತು. ಕೆಳಗೆ ಬಿದ್ದ ನನ್ನ ಬೆನ್ನ ಮೇಲೆ ಬಿತ್ತು, ಭುಜದ ಮೇಲೆ ಬಿತ್ತು. ಒಳಗಿನಿಂದ ಹೆಂಗಸರು ಓಡಿಬಂದು ಚೀರಿದರು. ನಾನು ತಲೆ ಮುಚ್ಚಿಕೊಳ್ಳಲಿಲ್ಲ. ಅವನು ಹೊಡೆಯುವುದನ್ನು ತಾನಾಗಿಯೇ ನಿಲ್ಲಿಸಿದ. ಕೋಲನ್ನು ನೋಡಿದ, ಕೈಯನ್ನು ನೋಡಿದ. ಹಾವು ಕೈಗೆ ಸುತ್ತಿಕೊಂಡವನಂತೆ ಕೋಲನ್ನು ಕೊಡವಿ ಬಿಸಾಕಿದ.

"ನೀ ಯಾಕ ಹೇಳಿದಿ?" ಎಂದ. ಕಾಕಾ ಹೋಗಿತ್ತು, ನೀವೂ ಹೋಗಿತ್ತು. "ತಮ್ಮನ ಕೊಂದಾವನ ಕಾಲ ಮುರದೇನಿ ಅಂತ ಇಷ್ಟ ದಿನಾ ಉಂಡೇನಿ, ಮಲಗೇನಿ. ನನ್ನವ್ವ ಅದನ್ನ ಕೇಳಿ ಸಮಾಧಾನ ಮಾಡ್ಕೊಂಡ ಸತ್ಲು. ಈಗ ನಾ ಯಾರ ಕಾಲ ಮುರದೇನಿ? ಹೇಳಲೇ, ಯಾರ ಕಾಲ ಮುರದೇನಿ ನಾನು?"

ನನ್ನ ಪಾಪ ಇಳಿಸಿಕೊಳ್ಳಲು ಬಂದವನು ಇನ್ನೊಬ್ಬನ ಬೆನ್ನ ಮೇಲೆ ಒಂದು ಪಾಪ ಹೇರಿದ್ದೆ. ಆ ಮನೆಗೆ ನಾನು ಎರಡನೆಯ ಸಲ ಕೇಡು ಮಾಡಿದ್ದೆ. ಇದು ನನಗೆ ದಾರಿಯಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ನನಗೆ ನನ್ನ ಚಿಂತೆ ಮಾತ್ರ ಇತ್ತು.

ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತವನು ಕೇಳಿದ, "ಅಂವಾ ಈಗ ಹೆಂಗ ನಡೀತಾನ?"

"ಎಡಗಾಲು ಎಳಿತಾನ" ಎಂದೆ.

"ಹೆಂಗ? ನಡದ ತೋರ್ಸು."

ನಾನು ಎದ್ದೆ. ಎಡಗಾಲನ್ನು ಸೆಟೆಸಿ, ಗೆಳೆಯ ಎಳೆಯುವ ಹಾಗೆ ಎಳೆಯುತ್ತ, ಬಾಗಿಲಿನಿಂದ ಎತ್ತು ಮೇಯುವ ಗ್ವಾದಲಿಯ ತನಕ ಅಂಗಳದಲ್ಲಿ ನಡೆದೆ. ತುಟಿಯ ರಕ್ತ ಅಂಗಿಯ ಮೇಲೆ ಸುರಿಯುತ್ತಿತ್ತು.

"ಇನ್ನೊಮ್ಮೆ" ಎಂದ.

ಮತ್ತೆ ನಡೆದೆ. ಅವನು ಸಾಕು ಅನ್ನಲಿಲ್ಲ. ಹೆಂಗಸರಲ್ಲಿ ಒಬ್ಬಳು ಬಂದು ನನ್ನ ತೋಳು ಹಿಡಿದು ಹೊರಬಾಗಿಲ ಕಡೆಗೆ ನೂಕಿದಳು.

ಮುಂದಿನ ವಾರ ಗೆಳೆಯ ನನ್ನ ಮೊಬೈಲಿಗೆ ಫೋನು ಮಾಡಿದ. ಹೆಸರು ಹೇಳಲಿಲ್ಲ, ಕುಶಲ ಕೇಳಲಿಲ್ಲ.

"ಅಮ್ಮಿನಬಾವಿಯಾಂವ ಬಂದಿದ್ದ. ಬಾಗಲದಾಗ ನಿಂತಿದ್ದ. ಒಳಗ ಬಾ ಅಂದೆ, ಬರಲಿಲ್ಲ. ಊಟದ ಹೊತ್ತ ಮುಗಿಯೂತನಕ ಅಲ್ಲೇ ನಿಂತಿದ್ದ. ನಾ ಮನಿಗೆ ಹೊಂಟಾಗ ನನ್ನ ಹಿಂದ ಹಿಂದ ಓಣಿತನಕ ಬಂದ, ನಾ ನಡೆಯೂದ ನೋಡಕೋತ." ಎಂದ. "ನೀ ಇನ್ನ ಇತ್ಲಾಗ ಬರಬ್ಯಾಡ. ಅಂವಾ ಬರ್ಲಿ" ಎಂದು ಫೋನು ಇಟ್ಟ.

ನಾನು ಹೋಗಿಲ್ಲ.